ಕೂಸು ನೋಡಾಕ ಬಂದಾಕಿ

ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಆಯಿಯನ್ನು ಓಣಿಯಲ್ಲಿ ಕಾಣುತ್ತಲೇ ಇದ್ದೆ. ಎತ್ತರದ ಹೆಂಗಸು. ಅಷ್ಟು ವಯಸ್ಸಾದರೂ ಬೆನ್ನು ಬಾಗಿರಲಿಲ್ಲ. ಸುಟ್ಟ ತಂಬಾಕಿನ ಮಿಸರಿ ತಿಕ್ಕಿ ತಿಕ್ಕಿ ಹಲ್ಲೆಲ್ಲ ಕಪ್ಪು. ಕಣ್ಣಿನ ಆಪರೇಶನ್ ಆದಾಗ ದವಾಖಾನೆಯಲ್ಲಿ ಕೊಟ್ಟಿದ್ದ ಕರಿ ಚಾಳೀಸನ್ನು ಆಕೆ ಆಮೇಲೂ ತೆಗೆಯಲಿಲ್ಲ. ಮೋಡ ಕವಿದಿದ್ದರೂ ಅದು ಮುಖದ ಮೇಲೆ ಇದ್ದೇ ಇರುತ್ತಿತ್ತು. ಹಾಗಾಗಿ ಆಕೆ ಯಾರ ಕಡೆ ನೋಡುತ್ತಿದ್ದಾಳೆ ಎಂಬುದು ಎದುರಿಗೆ ನಿಂತವರಿಗೆ ತಿಳಿಯುತ್ತಿರಲಿಲ್ಲ. ಊರಿಗೆಲ್ಲ ಆಕೆ ಆಯಿ. ಹೆಸರು ಹಿಡಿದು ಕರೆದವರನ್ನು ನಾನಂತೂ ಕೇಳಿಲ್ಲ.

ನನ್ನ ತವರು ನಿಪ್ಪಾಣಿ. ಗಂಡನ ಊರು ಐಗಳಿಯ ಹತ್ತಿರ. ತವರಿನಲ್ಲಿ ಬಾಣಂತನ ಮುಗಿಸಿ, ಮಗಳನ್ನು ಎತ್ತಿಕೊಂಡು ಬಂದ ಮರುದಿನವೇ ಆಯಿ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ.

"ಕೂಸು ನೋಡಾಕ ಬಂದೇನಿ" ಅಂದಳು.

ನಮ್ಮ ಕಡೆ ಕೂಸು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಒಬ್ಬರು ಕೊಬ್ಬರಿ ಬೆಲ್ಲ ಒಯ್ಯುತ್ತಾರೆ, ಒಬ್ಬರು ಅಂಗಿ ಟೊಪ್ಪಿಗೆ, ಸೋದರಮಾವ ಬೆಳ್ಳಿಯ ಕಡಗ. ಆಯಿ ತಂದದ್ದು ಕುಂಚಿಗೆ. ಕೂಸಿನ ತಲೆಯನ್ನು ಮುಚ್ಚಿ ಬೆನ್ನಿನವರೆಗೆ ಇಳಿಯುವ ಆ ಟೊಪ್ಪಿಗೆಯನ್ನು ಆಕೆ ಹಳೆಯ ಸೀರೆಯಿಂದಲೇ ಹೊಲಿಯುತ್ತಿದ್ದಳು. ಅದೂ ಬಾಳಿ ಬದುಕಿದ ಮುದುಕಿಯ ಸೀರೆಯೇ ಆಗಬೇಕು, ಅದನ್ನು ಬೇಡಿ ತರುತ್ತಿದ್ದಳು. ಹೊಸ ಅರಬಿ ಕೂಸಿನ ಮೈ ಕೆರೆಯುತ್ತದೆ ಎಂಬುದು ಒಂದು ಕಾರಣ. ಉಟ್ಟವರ ಆಯುಷ್ಯ ಅರಿವೆಯೊಳಗೆ ಉಳಿದಿರುತ್ತದೆ ಎಂಬುದು ಇನ್ನೊಂದು. ಇದು ನಮ್ಮ ಎಲ್ಲ ಮುದುಕಿಯರೂ ಹೇಳುವ ಮಾತು. ಆದರೆ ಹೆಣ್ಣು ಕೂಸಾದರೆ ಆಯಿಯ ಚೀಲದಲ್ಲಿ ಇನ್ನೊಂದು ವಸ್ತು ಇರುತ್ತಿತ್ತು: ಸಂತೆಯಲ್ಲಿ ಸಿಗುವ ಸಾದಾ ಗೆಜ್ಜೆ, ಕರಿ ದಾರಕ್ಕೆ ಪೋಣಿಸಿದ್ದು.

ಗೆಜ್ಜೆಯನ್ನು ತಾನೇ ಕಟ್ಟಿದಳು. ಕೂಸಿನ ಬಟ್ಟೆ ಬಿಚ್ಚಿ ರಟ್ಟೆ, ತೊಡೆ, ಹೊಟ್ಟೆ, ನಾಲಗೆ ಎಲ್ಲವನ್ನೂ ನೋಡಿದಳು. ಸಂತೆಯಲ್ಲಿ ಕರು ಕೊಳ್ಳುವವರು ನೋಡುವ ಹಾಗೆ ನೋಡಿದಳಲ್ಲ ಎಂದು ನನಗೆ ಸಿಟ್ಟು ಬಂತು. ಆಮೇಲೆ ಚಾಳೀಸು ತೆಗೆದು ಕೋಣೆಯಲ್ಲಿದ್ದವರನ್ನೆಲ್ಲ ನೋಡಿದಳು. ಮೊದಲು ನಮ್ಮ ಅತ್ತೆಯನ್ನು, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನನ್ನು, ಕಡೆಗೆ ನನ್ನನ್ನು. ಒಬ್ಬೊಬ್ಬರ ಮುಖದ ಮೇಲೂ ಕಣ್ಣು ನೆಟ್ಟು, ತಡೆದು ನೋಡಿದಳು.

"ಈಕೀನ ನಾ ನೋಡೇನಿ" ಅಂದಳು. ಚಹಾ ಬೇಡವೆಂದು ಎದ್ದು ಹೋದಳು.

ಅತ್ತೆ ಒಳಗೆ ಹೋಗಿ ಕಣ್ಣು ಒರೆಸಿಕೊಂಡರು. "ನಮ್ಮನ್ನ ಏನಂತ ತಿಳಕೊಂಡಾಳ ಈಕಿ? ನನ್ನ ಮೊಮ್ಮಗಳಿಗೆ ನಾ ಏನರೆ ಮಾಡ್ತೀನೇನು?"

"ಯಾಕ್ರಿ ಅತ್ತಿ, ಏನಾತ್ರಿ? ಗೆಜ್ಜಿ ಕಟ್ಟಿದ್ರ ಏನ ತಪ್ಪು?"

"ನಿನಗ ಗೊತ್ತಿಲ್ಲ. ಆಯಿ ಗೆಜ್ಜಿ ಕಟ್ಟಿ ಹೋದ್ಲಂದ್ರ ದಿನಾ ಮನಿ ಮುಂದ ಹಾದು ಹೋಗ್ತಾಳ. ಸಪ್ಪಳ ಕೇಳಲಿಲ್ಲ ಅಂದ್ರ ಸೀದಾ ಒಳಗ ಬರ್ತಾಳ."

ಅತ್ತೆ ಹೇಳಿದ್ದು ನಿಜವಾಗಿತ್ತು. ದಿನವೂ ದನಗಳು ಹೊಲಕ್ಕೆ ಹೊರಡುವ ಹೊತ್ತಿಗೆ ಆಯಿ ನಮ್ಮ ಕಿಟಕಿಯ ಹತ್ತಿರ ನಡಿಗೆ ನಿಧಾನ ಮಾಡುತ್ತಿದ್ದಳು. ಕಿವಿ ಕೊಟ್ಟು ನಿಲ್ಲುತ್ತಿದ್ದಳು, ಮುಂದೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಮಗಳು ಜ್ವರದಿಂದ ಮಂಕಾಗಿ ಮಲಗಿದ್ದಳು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಆಯಿ ತೊಟ್ಟಿಲ ಪಕ್ಕದಲ್ಲಿ ನಿಂತು ಕೂಸಿನ ಹಣೆ ಮುಟ್ಟುತ್ತಿದ್ದಳು. ಬಾಗಿಲು ಯಾವಾಗ ತೆಗೆದಳೋ, ಯಾವಾಗ ಒಳಗೆ ಬಂದಳೋ. ನಾನು ಚೀರಿದೆ. ಆಕೆ ತಿರುಗಿ, "ದವಾಖಾನಿಗೆ ಒಯ್ದೀಯೋ, ನಾ ಒಯ್ಯಲೋ?" ಎಂದಳು.

ಊರು ಆಕೆಗೆ ಹೆದರುತ್ತಿತ್ತು. ಬಟ್ಟೆಯ ಚೀಲ ಹಿಡಿದು ಬರುವುದನ್ನು ಕಂಡರೆ ಹೆಣ್ಣು ಹುಟ್ಟಿದ ಮನೆಯ ಗಂಡಸರು ಆ ಬದಿಯಿಂದ ಈ ಬದಿಗೆ ದಾಟುತ್ತಿದ್ದರು. "ಆಯಿ ಚೀಲ ಹಿಡದಾಳ" ಎಂದರೆ ಸಾಕು, ಹರಟೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಆಕೆಯ ಕಣ್ಣು ಕೆಟ್ಟದ್ದು ಎಂದು ಕೆಲವರು ಕೂಸಿನ ಹಣೆಗೆ ಕಪ್ಪು ಬೊಟ್ಟು ದೊಡ್ಡದಾಗಿ ಇಡುತ್ತಿದ್ದರು. ಆಯಿಗೆ ಅದು ಗೊತ್ತಿತ್ತು, ನಗುತ್ತಿದ್ದಳು. "ಇಡ್ರಿ, ಇಡ್ರಿ. ಬೊಟ್ಟು ಇಡಾಕರೆ ಕೂಸಿನ ಮಾರಿ ನೋಡ್ತೀರಲ್ಲ."

ಆಕೆಗೆ ಮಿಸರಿಗೆ ನಿಪ್ಪಾಣಿಯ ತಂಬಾಕೇ ಆಗಬೇಕು. ತವರಿಗೆ ಹೋಗಿ ಬರುವಾಗೆಲ್ಲ ತಂದು ಕೊಡುತ್ತಿದ್ದೆ. ಆ ತಂಬಾಕಿನ ನೆವದಲ್ಲಿ ನಮ್ಮಿಬ್ಬರ ನಡುವೆ ಮಾತು ಬೆಳೆಯಿತು. ಬೇಸಿಗೆಯಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಓಣಿಯ ಹೆಂಗಸರೆಲ್ಲ ಕುಳಿತು ಮನೂಕ ಆರಿಸುತ್ತೇವೆ: ತೊಟ್ಟಿನ ಕಾಡಿಗಳನ್ನು ಬೇರೆ ಮಾಡುವುದು, ಕಪ್ಪಾದದ್ದನ್ನು ಬೇರೆ ಮಾಡುವುದು. ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ನಾವಿಬ್ಬರೇ ಇದ್ದೆವು. ನಾನು ಧೈರ್ಯ ಮಾಡಿ ಕೇಳಿದೆ.

"ಆಯಿ, ನೀ ಹಿಂಗ್ಯಾಕ ಮಾಡ್ತಿ? ಮಂದಿ ಏನೇನೋ ಅಂತಾರ."

ಆಯಿ ಕೈ ನಿಲ್ಲಿಸಲಿಲ್ಲ. "ನನ್ನ ಎರಡನೇದ್ದೂ ಹೆಣ್ಣ ಇತ್ತು ತಂಗಿ. ಮೊದಲನೇದ್ದು ಹುಟ್ಟಿದಾಗ ಓಣಿ ಎಲ್ಲಾ ಬಂತು, ಕುಂಚಿಗಿ, ಕೊಬ್ಬರಿ, ಖಾರಿಕ, ಇಡಾಕ ಜಾಗಾ ಇರಲಿಲ್ಲ. ಎರಡನೇದಕ್ಕ ಯಾರೂ ಬರಲಿಲ್ಲ. ಮತ್ತ ಹೆಣ್ಣಂತ, ಏನಂತ ಹೋಗೂದು, ಅವರಿಗೂ ಸಂಕಟ ಅಂತ ಸುಮ್ಮನ ಕುಂತರು. ಭಾಳ ಚಲೋ ಮಂದಿ. ಮನಸ್ಸ ನೋಯಬಾರದಂತ ಬರಲಿಲ್ಲ."

"ಆಮ್ಯಾಲೆ?"

"ನನಗ ಜ್ವರ ಬಂದಿತ್ತು. ಕೂಸಿನ್ನ ನಮ್ಮತ್ತಿ ಹೊರಗ ಒಯ್ದು ಮಲಗಿಸಿದ್ಲು. ನನಗ ಎಚ್ಚರ ಆದಾಗ ಕೂಸಿನ್ನ ತೂಗೂ ಜೋಳಿಗಿ ಬಿಚ್ಚಿ ಮಡಿಚಿ ಇಟ್ಟಿದ್ರು." ಆಯಿ ಒಂದು ಹಿಡಿ ಮನೂಕ ತೆಗೆದು ನನ್ನ ಮುಂದೆ ಸುರಿದಳು. "ಒಬ್ಬಾಕಿ ಬಂದಿದ್ರ ಸಾಕಿತ್ತು. ಎಲ್ಲೈತಿ ಕೂಸು, ತೋರಸ್ರಿ ಅಂತ ಒಬ್ಬಾಕಿ ಕೇಳಿದ್ರ ತೋರಸಬೇಕಾಗ್ತಿತ್ತು. ಐದನೇ ದಿನ ಸಟವಾಯಿ ದೇವಿ ಬರ್ತಾಳ, ಹಣ್ಯಾಗ ಬರೀತಾಳ, ಹೋಗ್ತಾಳ. ಆಕಿ ತಿರುಗಿ ನೋಡಂಗಿಲ್ಲ. ತಿರುಗಿ ನೋಡೂದು ನಮ್ಮ ಕೆಲಸ."

ಊಟಕ್ಕೆ ಹೋದವರು ಬಂದರು. ಆಯಿ ಬೇರೆ ಮಾತು ತೆಗೆದಳು.

ನನ್ನ ಮಗಳು ಶಾಲೆಗೆ ಹೋಗತೊಡಗಿದ ವರ್ಷ ದೊಡ್ಡ ಮನೆಯಲ್ಲಿ ಹೆರಿಗೆಯಾಯಿತು. ದೊಡ್ಡ ಮನೆ ಎಂದರೆ ಓಣಿಯ ತುದಿಯ ಎರಡು ಅಂತಸ್ತಿನ ಮನೆ. ಆ ಮನೆಯ ಸಾವಕಾರರಿಗೆ ಕಬ್ಬಿನ ಜಮೀನು ಬಹಳ, ಟ್ರ್ಯಾಕ್ಟರುಗಳು ಬಹಳ. ಸಾವಕಾರರು ಒಳ್ಳೆಯವರೆಂದೇ ಹೆಸರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವರು ಅವರೇ. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವರ ಹೆಂಡತಿಗೆ ಊರೆಲ್ಲ ಅಕ್ಕಾರು ಎನ್ನುತ್ತದೆ. ಮಗ ತಂದೆಯ ಮಾತಿಗೆ ಎದುರಾಡಿದವನಲ್ಲ. ಸೊಸೆ ರಾಯಬಾಗದ ಕಡೆಯವಳು. ತಾಯಿ ತೀರಿಹೋಗಿದ್ದರಿಂದ ಬಾಣಂತನಕ್ಕೆ ತವರಿರಲಿಲ್ಲ, ತಂದೆಯೊಬ್ಬರೇ. ಆಗಲೇ ಇಬ್ಬರು ಹೆಣ್ಣುಮಕ್ಕಳಿದ್ದರು.

ಸಾವಕಾರರ ತಮ್ಮನ ಮಗನಿಗೆ ಗಂಡು ಹುಟ್ಟಿದಾಗ ಅವರು ಮನೆಮನೆಗೆ ಪೇಢೆ ಹಂಚಿಸಿದ್ದರು. ಈ ಸಲ ಸೊಸೆ ಅಥಣಿಯ ದವಾಖಾನೆಯಿಂದ ಬಂದದ್ದೂ ನಮಗೆ ತಿಳಿಯಲಿಲ್ಲ. ತಿಳಿದದ್ದು ಆಯಿಗೆ.

ನಮ್ಮ ಹಿತ್ತಲಿನಲ್ಲಿ ನಿಂತು ಆಕೆ ಆ ಮನೆಯ ಮಾಳಿಗೆಯ ಕಡೆ ಮುಖ ಮಾಡಿದ್ದಳು. "ಅರಬಿ ಒಣಾಕಿಲ್ಲ" ಎಂದಳು.

"ಯಾರ ಅರಬಿ?"

"ಕೂಸಿನೂ. ಕೂಸು ಇದ್ದ ಮನಿ ತಂತಿ ಮ್ಯಾಲೆ ದಿನಾ ಹತ್ತಾರು ತುಂಡು ಅರಬಿ ಒಣಗಬೇಕು. ಅಲ್ಲಿ ಒಂದೂ ಇಲ್ಲ. ನಡಿ, ನನ್ನ ಜೋಡಿ ಬಾ."

ಹೋದೆವು. ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ಹಿರಿಯ ಇಬ್ಬರು ಹುಡುಗಿಯರು ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿದ್ದರು. ಮಾತಿಲ್ಲ, ಆಟವಿಲ್ಲ. ಅಕ್ಕಾರು ತಾವೇ ಬಂದು ಚಾಪೆ ಹಾಸಿದರು. ಚಹಾ ಬಂತು, ಬಿಸ್ಕಿಟು ಬಂದವು. ಮನೆಯಲ್ಲಿ ಎಳೆಯ ಕೂಸಿನ ವಾಸನೆಯೇ ಇರಲಿಲ್ಲ. ಶೇಗಡಿಯ ಕೆಂಡದ ಹೊಗೆಯಿಲ್ಲ, ಎಣ್ಣೆಯಿಲ್ಲ, ಕೂಸಿಗೆ ಕುಡಿಸುವ ವಾವಡಿಂಗದ ಘಾಟು ಇಲ್ಲ.

"ಕೂಸು ನೋಡಾಕ ಬಂದೇವ್ರಿ ಅಕ್ಕಾರ" ಎಂದಳು ಆಯಿ.

"ಮಲಗೇತಿ ಆಯಿ."

"ಮಲಗಿದ್ದನ್ನ ನೋಡ್ತೀನ್ರಿ."

"ಕಾಮಣಿ ಆಗೇತಿ, ಮೈಯೆಲ್ಲಾ ಹಳದಿ. ಬೆಳಕು ಹಾಯಬಾರದು ಅಂತ ಹಿಂದಿನ ಖೋಲ್ಯಾಗ ಮಲಗಿಸೇವಿ."

"ಬಾಣಂತಿ ಅಲ್ಲೇ ಅದಾಳೇನ್ರಿ?"

"ಆಕಿ ಮ್ಯಾಲಿನ ಖೋಲ್ಯಾಗ. ತಾಯಿ ಹಾಲು ಕೊಡಬಾರದಂತ, ಕಾಮಣಿ ಇದ್ದಾಗ."

"ಯಾರಂದ್ರು?"

ಅಕ್ಕಾರು ಚಹಾ ಬಟ್ಟಲಿನ ಹಿಡಿಕೆಯನ್ನು ಆಚೆ ತಿರುಗಿಸಿದರು. "ಅಂದಾರ."

ಚೀಲದ ಮೇಲೆ ಆಯಿಯ ಎರಡೂ ಕೈ ಇದ್ದವು. ಅಕ್ಕಾರು ನಗುತ್ತ ಕೈ ಚಾಚಿದರು. "ಕೊಡು, ಕುಂಚಿಗಿ ತಂದಿದ್ದಿ ಅಂತ ಕಾಣ್ತೈತಿ. ಕೂಸು ಎದ್ದ ಮ್ಯಾಲೆ ನಾನ ಹಾಕ್ತೀನಿ."

"ನಾನ ಹಾಕಬೇಕ್ರಿ ಅಕ್ಕಾರ. ನನ್ನ ಪದ್ಧತಿ ಅದು" ಎಂದು ಆಯಿ ಎದ್ದಳು.

ಹೊರಗೆ ಬಂದ ಮೇಲೆ ಆಕೆ ಬೇವಿನ ಗಿಡದ ಬುಡಕ್ಕೆ ಕೈಯಿಟ್ಟು ನಿಂತಳು. ಮೊದಲ ಸಲ ಆಕೆ ಮುದುಕಿಯಾಗಿ ಕಂಡಳು. ಪೊಲೀಸರಿಗೆ ಹೇಳೋಣವೇ ಎಂದೆ. "ಏನಂತ ಹೇಳ್ತಿ? ಕೂಸು ಮಲಗೇತಿ ಅಂತ?" ಎಂದಳು. ಆಮೇಲೆ, "ನಿಮ್ಮತ್ತಿ ಮನ್ಯಾಗ ಅದಾರೇನ?" ಎಂದು ಕೇಳಿದಳು.

ನಮ್ಮ ಅತ್ತೆ ಆಯಿಯ ಮೇಲಿನ ಸಿಟ್ಟನ್ನು ಅಷ್ಟು ವರ್ಷ ಸಾಕಿಕೊಂಡು ಬಂದವರು. ಆಯಿ ಅಂಗಳದಲ್ಲಿ ನಿಂತು ಎರಡೇ ಮಾತು ಹೇಳಿದಳು. ಅತ್ತೆ ಕೇಳಿದರು. ಒಳಗೆ ಹೋದರು, ಕೊಬ್ಬರಿ ಬಟ್ಟಲು, ಬೆಲ್ಲದ ಹೆಂಟೆ, ಒಂದು ಕುಬಸದ ಖಣ ತೆಗೆದುಕೊಂಡು ಬಂದರು. ಸೆರಗು ಹೊದ್ದರು. "ನಾ ಮೊದಲ ಹೋಗ್ತೀನಿ" ಎಂದರು.

ಕೂಸು ನೋಡಲು ಕೊಬ್ಬರಿ ಬೆಲ್ಲ ಹಿಡಿದು ಬಂದ ಹೆಣ್ಣುಮಗಳನ್ನು ಬಾಗಿಲಿಂದ ಹಿಂದೆ ಕಳಿಸುವುದು ನಮ್ಮಲ್ಲಿ ಮನೆಗೇ ಕೇಡು. ಸಾವಕಾರರ ಮನೆಯಾದರೂ ಅಷ್ಟೇ. ಅತ್ತೆ ಹೋಗಿ ಪಡಸಾಲೆಯಲ್ಲಿ ಕುಳಿತರು. ಕೂಸು ಏಳಲಿ, ನೋಡಿಯೇ ಹೋಗುತ್ತೇನೆ ಎಂದರು. ಅವರ ಹಿಂದೆ ಕುಂಬಾರರ ಮನೆಯವಳು, ಆಕೆಯ ಹಿಂದೆ ಜೈನರ ಮನೆಯ ಅತ್ತೆ ಸೊಸೆ ಇಬ್ಬರೂ. ಸಂಜೆಯ ಹೊತ್ತಿಗೆ ಪಡಸಾಲೆ ತುಂಬಿತ್ತು. ಎಲ್ಲರ ಮಡಿಲಲ್ಲೂ ಏನಾದರೊಂದು. ಯಾರೂ ಜಗಳ ತೆಗೆಯಲಿಲ್ಲ. ಮಳೆ, ದ್ರಾಕ್ಷಿಗೆ ಬಂದ ರೋಗ, ಅವರಿವರ ಮದುವೆ ಎಂದು ಮಾತಾಡುತ್ತ ಕುಳಿತರು. ಅಕ್ಕಾರು ಚಹಾ ಮಾಡಿಸಿ ಮಾಡಿಸಿ ಸುಸ್ತಾದರು. ಕತ್ತಲಾಗುತ್ತಲೇ ಎಲ್ಲರೂ ಎದ್ದರು. ಬೆಳಗಾಗುತ್ತಲೇ ಮತ್ತೆ ಬಂದು ಕುಳಿತರು.

ಸಾವಕಾರರು ಒಮ್ಮೆ ಬಾಗಿಲಿಗೆ ಬಂದು ಇಣುಕಿ ನೋಡಿದರು. "ಎಲ್ಲಾರೂ ಆರಾಮ ಇದ್ದೀರಲ್ರಿ ತಂಗ್ಯಾರ?" ಎಂದು ಕೇಳಿ ಹೊರಗೆ ಹೋದರು. ಹೊರಗೆ ಟ್ರ್ಯಾಕ್ಟರ್ ಚಾಲೂ ಆಯಿತು. ಅದು ಬಹಳ ಹೊತ್ತು ನಿಂತಲ್ಲೇ ಗುರುಗುಡುತ್ತಿತ್ತು. ಪಡಸಾಲೆಯಲ್ಲಿ ಒಬ್ಬಿಬ್ಬರು ಸೀರೆಯ ಸೆರಗು ಸರಿಮಾಡಿಕೊಂಡರು, ಏಳುವವರ ಹಾಗೆ. ಯಾರೂ ಏಳಲಿಲ್ಲ.

ಆಗ ಮೇಲಿನಿಂದ ಕಂಬಿ ಹಿಡಿದುಕೊಂಡು ಸೊಸೆ ಇಳಿದು ಬಂದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಕುಬಸ ಹಾಲಿನಿಂದ ನೆನೆದು ಗಟ್ಟಿಯಾಗಿತ್ತು. ನಡುವಿನ ಮೆಟ್ಟಿಲಲ್ಲಿ ನಿಂತು ನಮ್ಮನ್ನೆಲ್ಲ ನೋಡಿದಳು.

"ಎಲ್ಲಾರೂ ನನ್ನ ಕೂಸು ನೋಡಾಕ ಬಂದೀರೇನ್ರಿ?" ಎಂದಳು. "ನನಗೂ ತೋರಸ್ರಿ."

ಅಕ್ಕಾರು "ಏ, ಮ್ಯಾಲೆ ಹೋಗ" ಎಂದು ಎದ್ದರು. ಅಷ್ಟರಲ್ಲಿ ನಮ್ಮ ಅತ್ತೆ ಎದ್ದಾಗಿತ್ತು, ಅವರ ಜೊತೆ ಇಡೀ ಪಡಸಾಲೆ ಎದ್ದಿತ್ತು. ಹಿಂದಿನ ಕೋಣೆಯ ಚಿಲಕವನ್ನು ತೆಗೆದವಳು ಆಯಿ.

ಕೂಸು ಜೋಳದ ಚೀಲಗಳ ನಡುವೆ ಒಂದು ಗೋಣಿತಾಟಿನ ಮೇಲೆ ಇತ್ತು. ಅಳುತ್ತಿರಲಿಲ್ಲ. ಹತ್ತಿರ ಒಂದು ವಾಟಿಯಲ್ಲಿ ಸಕ್ಕರೆ ನೀರು, ಅದರಲ್ಲಿ ಇರುವೆ. ತುಟಿ ಒಣಗಿ ಬಿರಿದಿದ್ದವು. ಆಯಿ ಅದನ್ನು ಎತ್ತಿ ಸೊಸೆಯ ಎದೆಗೆ ಹಚ್ಚಿದಳು. ಅದಕ್ಕೆ ಚೀಪುವ ಶಕ್ತಿ ಇರಲಿಲ್ಲ. ಆಯಿ ಹಾಲನ್ನು ಹಿಂಡಿ ಬೆರಳಿನಿಂದ ತುಟಿಗೆ ಹಚ್ಚಿದಳು. ಮತ್ತೆ ಹಚ್ಚಿದಳು. ಬಹಳ ಹೊತ್ತಿನ ಮೇಲೆ ನಾಲಗೆ ಸ್ವಲ್ಪ ಆಡಿತು. ನಾನು ಊರಿನ ಸಿಸ್ಟರ್‌ಗೆ ಫೋನು ಮಾಡಿದೆ. ಆಂಬುಲೆನ್ಸ್ ಬಂತು. ಆಯಿ ತಾಯಿ ಕೂಸಿನ ಜೊತೆ ಹತ್ತಿ ಕುಳಿತಳು.

ಕೂಸು ಬದುಕಿತು. ದವಾಖಾನೆಯವರು ಸಾವಕಾರರನ್ನು ಕರೆಸಿ ಬರೆಸಿಕೊಂಡರು ಎಂದು ಕೇಳಿದೆವು. ತಿಳಿಯದೆ ಆಯಿತು, ಕಾಮಣಿ ಎಂದು ಹೆದರಿದೆವು ಎಂದು ಅವರು ಹೇಳಿದರಂತೆ. ಅಲ್ಲಿಗೆ ಅದು ಮುಗಿಯಿತು.

ಆಯಿಯ ಮಟ್ಟಿಗೆ ಮುಗಿಯಲಿಲ್ಲ. ದವಾಖಾನೆಯಿಂದ ಬಂದ ದಿನ ಸಾವಕಾರರು ದಾರಿಯಲ್ಲಿ ಆಕೆಯನ್ನು ನಿಲ್ಲಿಸಿ ಕೈ ಮುಗಿದದ್ದನ್ನು ನಾನೇ ನೋಡಿದೆ. "ಭಾಳ ಉಪಕಾರ ಆತ್ರಿ ಆಯಿ, ನಮ್ಮ ಕೂಸಿನ್ನ ಉಳಿಸಿದ್ರಿ" ಎಂದರು. ಆಮೇಲೆ ಅದೇ ಮೆತ್ತನೆಯ ದನಿಯಲ್ಲಿ, "ನಿಮಗ ವಯಸ್ಸಾಗೇತಿ. ಕಣ್ಣೂ ಸರಿ ಇಲ್ಲ. ರಸ್ತಾ ನೋಡಿ ಅಡ್ಡಾಡ್ರಿ. ಈಗ ಕಬ್ಬಿನ ಸೀಜನ್, ಗಾಡಿ ಭಾಳ ಅಡ್ಡಾಡ್ತಾವ" ಎಂದರು.

"ಹೌದ್ರಿ" ಎಂದಳು ಆಯಿ. "ನಿಮ್ಮ ಗಾಡಿ ಯಾವುವು ಅಂತ ನನಗ ಗುರತ ಅದಾವ್ರಿ."

ಆಯಿಯ ಮಗ ಸಾವಕಾರರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಆ ವಾರವೇ ಬೇರೆಯವನು ಸೀಟಿನಲ್ಲಿ ಕುಳಿತ. ಮಗ ಅಂಗಳದಲ್ಲಿ ನಿಂತು ತಾಯಿಗೆ ಬಯ್ದದ್ದು ಓಣಿಗೆಲ್ಲ ಕೇಳಿಸಿತು. "ಊರ ಕೂಸುಗೋಳು ನಿನಗ್ಯಾಕಬೇ? ನನ್ನ ಮಕ್ಕಳು ಕೂಸುಗಳಲ್ಲೇನು?" ಆಯಿ ಬಾಗಿಲಲ್ಲಿ ಕುಳಿತು ಕೇಳಿದಳು. ಅವನು ಸುಮ್ಮನಾದ ಮೇಲೆ ಊಟಕ್ಕೆ ನೀಡಿದಳು. ಅವನು ಉಂಡ. ಆಮೇಲೆ ಬೇರೆ ಊರಿನವರ ಗಾಡಿಗೆ ಹೋಗತೊಡಗಿದ.

ಕೆಲವು ದಿನಗಳ ಮೇಲೆ ದೊಡ್ಡ ಮನೆಯ ಆಳು ಒಂದು ತಾಟು ಹಿಡಿದುಕೊಂಡು ಬಂದ. ಮೇಲೆ ಕೆಂಪು ವಸ್ತ್ರ ಮುಚ್ಚಿತ್ತು. ಸಾವಕಾರರು ಮರ್ಯಾದೆ ಕಳಿಸಿದ್ದಾರೆ ಎಂದ. ನಾನು ಆಗ ಅಲ್ಲಿಯೇ ಇದ್ದೆ. ಆಯಿ ವಸ್ತ್ರ ಸರಿಸಿದಳು. ತೆಂಗಿನಕಾಯಿ, ಅದರ ಕೆಳಗೆ ಅಂಚಿಲ್ಲದ ಬಿಳಿಯ ಕೋರಾ ಬಟ್ಟೆ, ಉದ್ದನೆಯದು. ಸತ್ತವರಿಗೆ ಹೊದಿಸಲು ತರುವಂಥದ್ದು. ಆಳು ತಲೆ ಎತ್ತಲಿಲ್ಲ.

ಆಯಿ ಬಟ್ಟೆಯನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿದಳು. "ಚಲೋ ನೂಲ ಐತಿ" ಎಂದಳು. "ಬಿರುಸು ಐತಿ ಅಷ್ಟ. ನಾಕ ಸರ್ತಿ ಒಗದ್ರ ಮೆತ್ತಗ ಆಕ್ಕೈತಿ."

ಮರುದಿನದಿಂದ ಆ ಬಟ್ಟೆ ಆಕೆಯ ಮನೆಯ ಮುಂದಿನ ತಂತಿಯ ಮೇಲೆ ಹಾರಾಡಿತು. ಒಗೆಯುವುದು, ಒಣಗಿಸುವುದು, ಮತ್ತೆ ಒಗೆಯುವುದು. ಓಣಿಯ ತುದಿಯ ಮಾಳಿಗೆಯ ಮೇಲೆ ನಿಂತರೆ ಅದು ಕಾಣಲೇಬೇಕು. ಮೆತ್ತಗಾದ ಮೇಲೆ ಕತ್ತರಿಸಿ ಹೊಲಿದಳು. ಮೂರನೇ ಹುಡುಗಿಯನ್ನು ತೊಟ್ಟಿಲಿಗೆ ಹಾಕುವ ಕಾರ್ಯ ತಡವಾಗಿ ನಡೆಯಿತು. ಊರ ಬಾಯಿಗೆ ಹೆದರಿ ಮಾಡಿದ ಕಾರ್ಯವಾದರೂ ಗುಗ್ಗರಿ ಹಂಚಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬಂದಿರಲಿಲ್ಲ. ಆಯಿ ಬಗ್ಗಿ ಹೇಳಿದಳು, ನಾವೆಲ್ಲ ಪದ್ಧತಿಯಂತೆ ಆಕೆಯ ಬೆನ್ನಿಗೆ ಗುದ್ದಿದೆವು. ಆಮೇಲೆ ಆಕೆ ಚೀಲದಿಂದ ಬಿಳಿಯ ಕುಂಚಿಗೆ ತೆಗೆದಳು. ಅಕ್ಕಾರು ಆ ಬಟ್ಟೆಯನ್ನು ಗುರುತಿಸಿದರು. ಕೈಯಲ್ಲಿದ್ದ ಗುಗ್ಗರಿಯ ಬುಟ್ಟಿಯನ್ನು ಕೆಳಗಿಟ್ಟರು. ಆಯಿ ಕೂಸಿನ ತಲೆಗೆ ಕುಂಚಿಗೆ ಕಟ್ಟಿ, "ನಿಮ್ಮ ಮನಿ ಅರಬಿನ ಐತ್ರಿ ಅಕ್ಕಾರ" ಎಂದಳು.

ಆ ಮೇಲೆ ಒಂದೆರಡು ವರ್ಷ ಏನೂ ಆಗಲಿಲ್ಲ. ಹುಡುಗಿ ಓಣಿಯಲ್ಲಿ ಓಡಾಡತೊಡಗಿದಳು. ಸೊಸೆ ಹೊರಗೆ ಕಾಣುತ್ತಿರಲಿಲ್ಲ. ಹಿತ್ತಲ ಗೋಡೆಯ ಆಚೆಯಿಂದ ಒಮ್ಮೊಮ್ಮೆ ನಮ್ಮ ಅತ್ತೆಯೊಡನೆ ಮಾತಾಡುತ್ತಿದ್ದಳು. ಮತ್ತೆ ದಿನ ತುಂಬುತ್ತಿದ್ದಾಳೆ ಎಂದು ಹಾಗೆಯೇ ತಿಳಿಯಿತು. ಆಯಿ ಹಳೆಯ ಸೀರೆ ಕೇಳಿಕೊಂಡು ನಮ್ಮ ಮನೆಗೆ ಬಂದಳು.

ಒಂದು ಮುಂಜಾನೆ ದೊಡ್ಡ ಮನೆಯ ಕಾರು ಹೊರಟಿತು. ಸಾವಕಾರರು, ಅಕ್ಕಾರು, ನಡುವೆ ಸೊಸೆ. ಕೊಕಟನೂರ ಎಲ್ಲಮ್ಮನಿಗೆ ಉಡಿ ತುಂಬಿ ಬರುತ್ತೇವೆ ಎಂದು ಅಕ್ಕಾರು ಕಿಟಕಿಯಿಂದಲೇ ಕೂಗಿ ಹೇಳಿದರು. ನಮ್ಮೂರಿನಿಂದ ಕೊಕಟನೂರಿಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ಆ ದಿನ ಕಾರು ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನ ಬಂತು. ಅಕ್ಕಾರು ಸೊಸೆಯ ರಟ್ಟೆ ಹಿಡಿದು ಇಳಿಸಿದರು. ಆಕೆ ಬಾಗಿ ನಡೆಯುತ್ತಿದ್ದಳು. ಕೈಯಲ್ಲಿ ಪ್ರಸಾದವಿರಲಿಲ್ಲ, ಹಣೆಯಲ್ಲಿ ಭಂಡಾರವಿರಲಿಲ್ಲ.

ಆಯಿ ತನ್ನ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಹುಟ್ಟಿದ್ದಾದ್ರ ನೋಡಾಕ ಹೋಗಬಹುದಿತ್ತು" ಎಂದಳು. "ಹುಟ್ಟೂಕಿಂತ ಮೊದಲ ತಾವ ಮಷಿನ್ಯಾಗ ನೋಡಿ ಮುಗಿಸಿದ್ರ ನಾ ಯಾವ ಬಾಗಲಾ ಬಡೀಲಿ?"

ಸೋತ ದನಿ. ಆಕೆಯ ಬಾಯಿಂದ ಅಂಥದ್ದನ್ನು ನಾನು ಕೇಳಿರಲಿಲ್ಲ. ಇನ್ನು ಆಯಿ ಮನೆಯಲ್ಲೇ ಕೂರುತ್ತಾಳೆ ಎಂದುಕೊಂಡೆ.

ಆಕೆ ಕೂರಲಿಲ್ಲ. ಎರಡು ದಿನ ಒಲೆಯ ಮುಂದೆ ಇದ್ದಳು. ಅಂಟಿನ ಉಂಡೆ ಕಟ್ಟಿದಳು, ಒಣ ಖರ್ಜೂರದ ಖಾರಿಕ ಕುಟ್ಟಿದಳು, ಅಜವಾನ, ಶುಂಠಿ, ತುಪ್ಪ ಹಾಕಿ ಬಾಣಂತಿಯ ಖಾರ ಮಾಡಿದಳು. ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತಳು. ಸಂತೆಯ ದಿನ, ಓಣಿ ತುಂಬ ಮಂದಿ. ಆಯಿ ಓಣಿಯ ನಟ್ಟನಡುವೆ ನಡೆದಳು.

"ಎಲ್ಲಿಗ್ಯಾ ಆಯಿ?" ಎಂದು ಯಾರೋ ಕೇಳಿದರು.

"ಬಾಣಂತಿ ನೋಡಾಕ" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ನಾನೂ ನಮ್ಮ ಅತ್ತೆಯೂ ಹಿಂದೆ ನಡೆದೆವು. ದೊಡ್ಡ ಮನೆಯ ಬಾಗಿಲಲ್ಲಿ ಅಕ್ಕಾರು ಅಡ್ಡ ನಿಂತರು. "ಇಲ್ಲೆಲ್ಲಿ ಬಾಣಂತಿ ಅದಾಳ? ಏನ ಹುಚ್ಚ ಹಿಡದೈತಿ ನಿನಗ?"

"ಹಡದ ಮೈ, ಹೊಟ್ಟಿ ಇಳದ ಮೈ ಎರಡೂ ಒಂದರಿ ಅಕ್ಕಾರ. ಉಣ್ಣಾಕ ಬೇಕು" ಎಂದು ಆಯಿ ಹೊಸ್ತಿಲ ಹೊರಗೆ ಬುಟ್ಟಿ ಇಳಿಸಿ ನೆಲದ ಮೇಲೆ ಕುಳಿತಳು. "ಕರೀರಿ. ಆಕಿ ಉಂಡ ಮ್ಯಾಲೆ ಹೋಗ್ತೀನಿ."

ಸೊಸೆ ತಾನೇ ಬಂದಳು. ಗೋಡೆ ಹಿಡಿದುಕೊಂಡು ಬಂದು ಆಯಿಯ ಎದುರಿಗೆ ಹೊಸ್ತಿಲ ಒಳಗೆ ಕುಳಿತಳು. ಆಯಿ ಉಂಡೆ ಮುರಿದು ಕೈಯಲ್ಲಿಟ್ಟಳು. ಸೊಸೆ ತಿಂದಳು, ಅಳುತ್ತ ತಿಂದಳು. ಅಕ್ಕಾರ ಕಡೆ ತಿರುಗಿಯೂ ನೋಡಲಿಲ್ಲ. ಊರಿಗೆ ಊರೇ ನಿಂತು ನೋಡಿತು. ಏನಾಗಿದೆ ಎಂದು ಅಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಆಯಿಗೆ ಏನಾದರೂ ಆಗುತ್ತದೆ ಎಂದು ನಾವೆಲ್ಲ ಕಾಯುತ್ತಿದ್ದೆವು. ಆಕೆ ಸಂತೆಯಿಂದ ಬರುವುದು ಸ್ವಲ್ಪ ತಡವಾದರೂ ಅತ್ತೆ ಹೊರಗೆ ಬಂದು ನಿಲ್ಲುತ್ತಿದ್ದರು. ಗಾಡಿಯೇನೂ ಹಾಯಲಿಲ್ಲ. ಈ ಮಳೆಗಾಲದ ಮೊದಲಲ್ಲಿ ಜ್ವರ ಬಂದು, ಕಫ ಕಟ್ಟಿ, ಹಾಸಿಗೆಯಲ್ಲೇ ತೀರಿಕೊಂಡಳು. ಮಗ ಬಾಯಿಗೆ ನೀರು ಬಿಟ್ಟ. ಅಷ್ಟು ಸಾದಾ ಸಾವು ಎಂದು ನಂಬಲು ನಮಗೆ ಬಹಳ ಹೊತ್ತು ಹಿಡಿಯಿತು.

ಹೆಣದ ಹತ್ತಿರ ಹೆಂಗಸರು ಸುತ್ತುಗಟ್ಟಿ ಕುಳಿತಿದ್ದಾಗ ದೊಡ್ಡ ಮನೆಯ ಸೊಸೆ ಬಂದಳು. ಮೂವರು ಹೆಣ್ಣುಮಕ್ಕಳು ಜೊತೆಗೆ. ಮನೆಯ ಹಿರಿಯರು ಜೊತೆಗಿಲ್ಲದೆ ಅವಳು ಓಣಿಯಲ್ಲಿ ನಡೆದದ್ದನ್ನು ನಾನು ಅಂದೇ ನೋಡಿದ್ದು. ಆಯಿಯ ಕಾಲ ಹತ್ತಿರ ಕುಳಿತಳು. ಗಂಡಸರು ಬಂದು ಮಣ್ಣಿಗೆ ಎತ್ತಿದರು. ಅತ್ತವರು ಅತ್ತರು. ಅವಳು ಏಳಲಿಲ್ಲ. ಹೊರಗೆ ಕಾರು ಬಂದು ನಿಂತಿತು. ಡ್ರೈವರ್ ಬಾಗಿಲಿಗೆ ಬಂದು, "ಬಾಯಾರ, ಅಕ್ಕಾರು ಕರ್ಯಾಕತ್ತಾರ್ರಿ" ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅದನ್ನೇ ಹೇಳಿದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮ ಕಡೆ ತಿರುಗಿದಳು. "ರಾಯಬಾಗ ಕಡೆ ಹೋಗೂ ಬಸ್ಸು ಎಷ್ಟೊತ್ತಿಗೆ ಐತ್ರಿ?" ಎಂದು ಕೇಳಿದಳು. "ನಮ್ಮಪ್ಪನ ಮನಿಗೆ ಹೋಗ್ತೀನಿ. ಇನ್ನ ತಿರುಗಿ ಬರಂಗಿಲ್ಲ. ಬಸ್ ಸ್ಟ್ಯಾಂಡ್ ತನಕ ನನ್ನ ಜೋಡಿ ಯಾರ ಬರ್ತೀರಿ?"

ಹೊರಗೆ ಕಾರಿನ ಇಂಜಿನ್ ಚಾಲೂ ಇತ್ತು. ಕೋಣೆಯಲ್ಲಿ ಎಲ್ಲರಿಗೂ ಅದು ಕೇಳಿಸುತ್ತಿತ್ತು. ಮೊದಲು ಎದ್ದವರು ನಮ್ಮ ಅತ್ತೆ. ಚಪ್ಪಲಿಯನ್ನು ಹುಡುಕಿ ಮೆಟ್ಟಿಕೊಂಡರು, ಕಿರಿಯ ಹುಡುಗಿಯನ್ನು ಎತ್ತಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಎದ್ದೆವು. ಸಾವಿನ ಮನೆಯಿಂದ ಜಳಕ ಮಾಡದೆ ಬೀದಿಗೆ ಇಳಿಯಬಾರದು ಎಂಬುದು ಯಾರಿಗೂ ನೆನಪಾಗಲಿಲ್ಲ. ಅವಳನ್ನೂ ಮಕ್ಕಳನ್ನೂ ನಡುವೆ ಹಾಕಿಕೊಂಡು ನಡೆದೆವು. ಕಾರು ಹಾರ್ನ್ ಹಾಕಲಿಲ್ಲ. ನಾವು ನಡೆದಷ್ಟೇ ನಿಧಾನವಾಗಿ, ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಬಂತು. ಬಸ್ಸು ಬಂದಾಗ ಅವಳನ್ನು ಹತ್ತಿಸಿದೆವು. ನಮ್ಮ ಅತ್ತೆಯೂ ಹೇಳದೆ ಕೇಳದೆ ಹತ್ತಿ ಕುಳಿತರು.

ಅವಳು ಈಗ ತಂದೆಯ ಮನೆಯಲ್ಲಿದ್ದಾಳೆ. ಮಕ್ಕಳು ಅಲ್ಲಿಯೇ ಶಾಲೆಗೆ ಹೋಗುತ್ತಾರೆ. ಕಬ್ಬಿನ ಹೊಲದ ಆಚೆ ಒಂದು ಕಾರು ಒಮ್ಮೊಮ್ಮೆ ಬಂದು ನಿಲ್ಲುತ್ತದಂತೆ. ಯಾರೂ ಇಳಿಯುವುದಿಲ್ಲ, ಹಾಗೆಯೇ ನಿಂತು ಹೋಗುತ್ತದೆ ಎಂದು ಫೋನಿನಲ್ಲಿ ಹೇಳಿದಳು. ಅದನ್ನು ಕೇಳಿದ ಮೇಲೆ ನಮ್ಮ ಓಣಿಯಿಂದ ವಾರಕ್ಕೊಬ್ಬರು ರಾಯಬಾಗಕ್ಕೆ ಹೋಗಿ, ಒಂದು ದಿನ ಇದ್ದು, ಮೂವರು ಹುಡುಗಿಯರನ್ನೂ ಮಾತಾಡಿಸಿಕೊಂಡು ಬರುತ್ತೇವೆ. ಹೋದ ವಾರ ಕುಂಬಾರರ ಮನೆಯವಳು ಹೋಗಿದ್ದಳು. ನಾಳೆ ನನ್ನ ಪಾಳಿ.